ಹಾಸ್ಟೆಲ್ ಮೆಸ್ಸಿನಲ್ಲಿ ಬಾಳೆಎಲೆ

ಉಚ್ಚೆಂಗಮ್ಮನ ದನಿ ಎಂಥದೆಂದರೆ, ಹೊಳೆಯ ಈಚೆ ದಂಡೆಯ ತೋಟದಲ್ಲಿ ನಿಂತು ಅವಳು ಗಂಡನನ್ನು ಕರೆದರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಿದ್ದರು. ಊರಿನವರು ಬೆನ್ನ ಹಿಂದೆ ಅವಳಿಗೆ ‘ಮೈಕಮ್ಮ’ ಎನ್ನುತ್ತಿದ್ದರು. ಮುಖದ ಮುಂದೆ ಅನ್ನುವ ಗಂಡೆದೆ ಯಾರಿಗಿತ್ತು ಹೇಳಿ! ಅಂಥ ಉಚ್ಚೆಂಗಮ್ಮ ಆವತ್ತು ಕಂಪ್ಲಿಯಲ್ಲಿ ಹೊಸಪೇಟೆ ಬಸ್ಸು ಹತ್ತಿದವಳು ಕಮಲಾಪುರ ದಾಟಿದರೂ ತುಟಿ ಬಿಚ್ಚಿರಲಿಲ್ಲ. ಹಳೇ ಪರಿಚಯದ ಕಂಡಕ್ಟರ್, “ಯಾಕಬೇ ಯಕ್ಕಾ, ಮೈಯಾಗ ಆರಾಮಿಲ್ಲೇನು?” ಎಂದು ಎರಡು ಸಲ ಕೇಳಿ ಸುಮ್ಮನಾದ.

ಅವಳ ತೊಡೆಯ ಮೇಲೆ ಬುತ್ತಿ ಗಂಟು ಇತ್ತು. ಪಕ್ಕದಲ್ಲಿ ಒಂದು ದೊಡ್ಡ ಚೀಲ, ಖಾಲಿಯದು. ಮಗಳ ಬಟ್ಟೆಬರೆ ತುಂಬಿಕೊಂಡು ಬರಲು ತಂದ ಚೀಲ ಅದು.

ಹಿಂದಿನ ಸಂಜೆ ಹಾಸ್ಟೆಲ್ ವಾರ್ಡನ್ ಭುವನೇಶ್ವರಿ ಫೋನು ಮಾಡಿದ್ದಳು. “ನಿಮ್ಮ ಹೇಮಾ ಊಟ ಮಾಡವಲ್ಲಳು ನೋಡ್ರಿ. ಮೆಸ್ಸಿಗೆ ಬಂದ್ರ ಕಿವಿ ಮುಚ್ಕೊಂಡು ಓಡಿ ಹೋಗ್ತಾಳ. ಇವತ್ತು ಮೆಟ್ಟಿಲ ಮ್ಯಾಲೆ ಕಣ್ಣು ಕತ್ತಲಿ ಬಂದು ಬಿದ್ಲು. ನನಗ ಜವಾಬ್ದಾರಿ ಹೊರಾಕ ಆಗಂಗಿಲ್ಲ, ಬಂದು ಕರ್ಕೊಂಡು ಹೋಗ್ರಿ. ಗಟ್ಟಿಮುಟ್ಟಾದ ಮ್ಯಾಲೆ ನೋಡೋಣು.”

ಗಟ್ಟಿಮುಟ್ಟಾದ ಮೇಲೆ! ಆ ಮಾತಿನ ಅರ್ಥ ಉಚ್ಚೆಂಗಮ್ಮನಿಗೆ ತಿಳಿಯದೇ? ಎಂ.ಕಾಂ. ಪರೀಕ್ಷೆ ತಲೆಯ ಮೇಲೆ ಬಂದು ಕೂತಿತ್ತು. ಊರಿಂದ ದಿನಾ ಓಡಾಡೋಣವೆಂದರೆ ಮೊದಲ ಬಸ್ಸು ಹೊಸಪೇಟೆ ಮುಟ್ಟುವಷ್ಟರಲ್ಲಿ ಎರಡು ಕ್ಲಾಸು ಮುಗಿದಿರುತ್ತಿದ್ದವು. ಹಾಸ್ಟೆಲ್ ಬಿಟ್ಟರೆ ಓದು ಬಿಟ್ಟಂತೆಯೇ. ಒಮ್ಮೆ ಮನೆಗೆ ಬಂದು ಕೂತ ಹುಡುಗಿಯನ್ನು ಮತ್ತೆ ಯಾರು ಕಳಿಸುತ್ತಾರೆ? “ಮಾತಾಡಿಸಿದ್ರ ಮಾರಿ ನೋಡದ ಹುಡುಗಿಗೆ ಎಂ.ಕಾಂ. ಯಾಕ ಬೇಕಾಗಿತ್ತು” ಎಂದು ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ, ಆಗಲೇ ಓಣಿ ತುಂಬ ಆಡಿಕೊಂಡಿದ್ದಳು. ದೋಣಿಮಲೈ ಗಣಿ ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ ಹಿಡಿಯಬೇಕೆಂಬುದು ಹೇಮಾಳ ಆಸೆ. ಆ ಆಸೆಗೆ ಮನೆಯಲ್ಲಿ ಬೆನ್ನು ಕೊಟ್ಟು ನಿಂತವಳು ಉಚ್ಚೆಂಗಮ್ಮ ಒಬ್ಬಳೇ. ಈಗ ಅವಳೇ ಖಾಲಿ ಚೀಲ ಹಿಡಿದು ಹೊರಟಿದ್ದಳು. ಓದು ಹೋದರೆ ಹೋಗಲಿ, ಮಗಳು ಬದುಕಿರಲಿ ಎಂದು ರಾತ್ರಿಯೆಲ್ಲ ಅತ್ತಿದ್ದಳು.

ಹಾಸ್ಟೆಲ್ ಇದ್ದದ್ದು ಊರ ಹೊರಗೆ, ಕಾಲೇಜಿನ ಹಿಂಬದಿಗೆ. ಕೋಣೆಯ ಬಾಗಿಲು ತೆಗೆದ ಹೇಮಾಳನ್ನು ಉಚ್ಚೆಂಗಮ್ಮ ಮೇಲಿಂದ ಕೆಳಗೆ ನೋಡಿದಳು. ಕೊರಳ ಎಲುಬು ಎದ್ದಿದ್ದವು. ಆದರೆ ಹುಡುಗಿ ಹುಡುಗಿಯೇ. ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ, ಗೋಡೆ ನೋಡುತ್ತ ಹೇಳಿದಳು: “ನೀನು ಬರೋದು ಹೇಳಿರಲಿಲ್ಲ.”

“ಹೇಳಿ ಬರಾಕ ನಾನೇನು ಬೀಗಿತ್ತಿ ಏನಲೇ? ಕುಂದ್ರು ಇಲ್ಲಿ. ಮೊದ್ಲು ದಿಷ್ಟಿ ತೆಗೀತೀನಿ.”

ಉಚ್ಚೆಂಗಮ್ಮ ಯೋಚಿಸಿಯೇ ಬಂದಿದ್ದಳು. ಓಣಿಯಲ್ಲಿ ಎಂ.ಕಾಂ.ವರೆಗೆ ಓದಿದ ಹುಡುಗಿ ಇವಳೊಬ್ಬಳೇ, ಕಣ್ಣು ಬೀಳದೆ ಇರುತ್ತದೆಯೇ? ಭಾರಿ ದೃಷ್ಟಿಗೆ ಭಾರಿ ಮೆಣಸಿನಕಾಯಿಯೇ ಬೇಕೆಂದು ಬ್ಯಾಡಗಿಯನ್ನು ಬಿಟ್ಟು ಗುಂಟೂರಿನದನ್ನೇ ಹಿಡಿ ತುಂಬ ಕಟ್ಟಿಕೊಂಡು ತಂದಿದ್ದಳು. ಕಲ್ಲುಪ್ಪು, ಮೆಣಸಿನಕಾಯಿ ಸೇರಿಸಿ ಮಗಳ ತಲೆಯಿಂದ ಕಾಲಿನವರೆಗೆ ನಿವಾಳಿಸಿ, “ಕಂಡೋರ ಕಣ್ಣು, ಹಾದೋರ ಕಣ್ಣು, ಓಣ್ಯಾಗಿನವರ ಕಣ್ಣು” ಎಂದು ನೆಗೆಣ್ಣಿಯ ಕಣ್ಣನ್ನು ಮನಸ್ಸಿನಲ್ಲೇ ವಿಶೇಷವಾಗಿ ನೆನೆದು, ಕೋಣೆಯ ಮುಂದಿನ ಪಡಸಾಲೆಯಲ್ಲಿ ತೆಂಗಿನ ಚಿಪ್ಪಿಗೆ ಬೆಂಕಿ ಹಚ್ಚಿ ಅದರ ಮೇಲೆ ಸುರಿದಳು.

ಅಯ್ಯಯ್ಯಪ್ಪಾ, ಆ ಘಾಟು! ಮೊದಲು ಪಕ್ಕದ ಕೋಣೆಯವರು ಕೆಮ್ಮಿದರು, ಆಮೇಲೆ ಮೇಲಿನ ಅಂತಸ್ತಿನವರು. ಸೀನುತ್ತ, ಕಣ್ಣು ಒರೆಸಿಕೊಳ್ಳುತ್ತ ಹುಡುಗಿಯರೆಲ್ಲ ಅಂಗಳಕ್ಕೆ ಓಡಿದರು. ಹೇಮಾ ಎಲ್ಲರಿಗಿಂತ ಮುಂಚೆ, ಕಿವಿ, ಮೂಗು ಎರಡೂ ಮುಚ್ಚಿಕೊಂಡು, ಹಿತ್ತಲಿಗೆ ಓಡಿಹೋದಳು. ವಾರ್ಡನ್ ಭುವನೇಶ್ವರಿ ಬಕೆಟ್ ನೀರು ತಂದು ಚಿಪ್ಪಿನ ಮೇಲೆ ಸುರಿದಳು.

“ಏನ್ರೀ ಯಮ್ಮಾ ಇದು? ಹಾಸ್ಟೆಲ್ ಸುಟ್ಟುಬಿಡಬೇಕು ಅಂತ ಮಾಡೀರೇನು?”

ಉಚ್ಚೆಂಗಮ್ಮನೂ ಕೆಮ್ಮುತ್ತಿದ್ದಳು, ಕಣ್ಣಲ್ಲಿ ಧಾರಾಕಾರ ನೀರು. ಆದರೆ ಮುಖದಲ್ಲಿ ಹಿಂದಿನ ಸಂಜೆಯಿಂದ ಇಲ್ಲದ ನಗು ಮೂಡಿತ್ತು. ದೃಷ್ಟಿ ಬಿದ್ದಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಅದು ಹೆತ್ತ ತಾಯಂದಿರಿಗೆಲ್ಲ ಗೊತ್ತಿರುವ ಮಾತು. ಇಲ್ಲಿ ನೋಡಿದರೆ ಇಡೀ ಹಾಸ್ಟೆಲ್ಲೇ ಸೀನುತ್ತಿದೆ! “ಘಾಟು ಬಂತ್ರೀ! ನನ್ನ ಮಗಳಿಗೆ ದಿಷ್ಟಿ ಇಲ್ರೀ! ಯಾರ ಕಣ್ಣೂ ತಾಗಿಲ್ಲ!” ಎಂದು ಅವಳು ಮೈಕಿನ ದನಿಯಲ್ಲಿ ಕೂಗಿದಳು. ಸೀನುತ್ತಿದ್ದ ಹುಡುಗಿಯರಿಗೂ ನಗು ತಡೆಯಲಿಲ್ಲ.

ಸರಿ, ದೃಷ್ಟಿಯಲ್ಲ. ಹಾಗಾದರೆ ಏನು? ಬುತ್ತಿ ಗಂಟು ಎತ್ತಿಕೊಂಡು ಉಚ್ಚೆಂಗಮ್ಮ ಹಿತ್ತಲಿಗೆ ನಡೆದಳು. ಹೇಮಾ ಬೇವಿನ ಗಿಡದ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಘಾಟಿಗೆ ಕಂಗೆಟ್ಟ ಹುಡುಗಿಯನ್ನು ಕಂಡು ತಾಯಿ ಗಂಟು ಬಿಚ್ಚಿದಳು. ಬಾಳೆಎಲೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಎಲೆಯನ್ನು ಕಲ್ಲಿನ ಮೇಲೆ ಹರವಿ ಪಕ್ಕದಲ್ಲಿ ಕೂತಳು.

ಹೇಮಾ ಉಂಡಳು. ಹಸಿದ ಕರು ಮೊಲೆಗೆ ಬಾಯಿ ಹಾಕಿದ ಹಾಗೆ ಉಂಡಳು. ಎರಡು ರೊಟ್ಟಿ, ಮೂರು, ನಾಲ್ಕು. ಉಚ್ಚೆಂಗಮ್ಮ ಬಾಯಿ ಬಿಟ್ಟು ನೋಡಿದಳು.

“ಅಲ್ಲಲೇ, ಹೊಟ್ಟಿ ಹಸೀತೈತಿ ಅಂದ್ಮ್ಯಾಲೆ ಅಲ್ಲಿ ಯಾಕ ಉಣಂಗಿಲ್ಲ? ಅಡಿಗಿ ಕೆಟ್ಟಿರತೈತೇನು?”

“ಅಡಿಗಿ ಚಲೋ ಇರತೈತಿ. ದುರ್ಗಕ್ಕನ ಸಾರು ನಿನ್ನ ಸಾರಿಗಿಂತ ಚಲೋ.”

ಇನ್ನೊಂದು ಹೊತ್ತಾಗಿದ್ದರೆ ಉಚ್ಚೆಂಗಮ್ಮ ಈ ಮಾತಿಗೆ ಸುಮ್ಮನೆ ಬಿಡುತ್ತಿರಲಿಲ್ಲ. “ಮತ್ತ?”

“ಸದ್ದು. ತಟ್ಟಿ ಸದ್ದು ಇಲ್ಲಿ ಬಡೀತೈತಿ.” ಹೇಮಾ ಹಣೆಯ ಪಕ್ಕಕ್ಕೆ ಬೆರಳಿಟ್ಟಳು. “ಆಮ್ಯಾಲೆ ತುತ್ತು ಕೆಳಗ ಇಳಿಯಂಗಿಲ್ಲ, ವಾಂತಿ ಬರತೈತಿ. ಕಿವ್ಯಾಗ ಹತ್ತಿ ಇಟ್ಕೊಂಡೆ. ಹತ್ತಿ ಇಟ್ರ ನಾನು ಅಗಿಯೋ ಸದ್ದೇ ತಲಿ ತುಂಬ ಕೇಳತೈತಿ, ಅದು ಇನ್ನೂ ಭಾಳ. ಇಷ್ಟು ದಿನ ಬಿಸ್ಕೀಟು, ಬಾಳಿಹಣ್ಣು ತಿಂದು ಕಳದೆ. ನಮ್ಮ ಕ್ಲಾಸಿನ ಸುಷ್ಮಿತಾ ಮೇಡಂ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ರು. ಆಟಿಸಂ ಅಂದ್ರು.”

“ಏನದು? ಎದಕ್ಕ ಬಂತು? ಔಷಧ ಏನು ಕೊಟ್ರು?”

“ಔಷಧ ಇಲ್ಲ. ರೋಗ ಅಲ್ಲ. ನಾನು ಹುಟ್ಟಿದಾಗಿಂದ ಹಿಂಗ ಅದೀನಿ.” ಎಲೆಯ ಮೇಲಿನ ಚಟ್ನಿ ಬಳಿಯುತ್ತ ಸೇರಿಸಿದಳು, “ನೀನ ಒಳಗ ಹೋಗಿ ಕುಂತು ನೋಡು, ಗೊತ್ತಾಗತೈತಿ. ಈಗ ಬೆಲ್ ಹೊಡೀತಾರ.”

ಬೆಲ್ ಹೊಡೆಯಿತು. ಉಚ್ಚೆಂಗಮ್ಮ ಹೋಗಿ ಮೆಸ್ಸಿನ ಮೂಲೆಯಲ್ಲಿ ಕೂತಳು. ತಗಡಿನ ಚಾವಣಿಯ ಉದ್ದನೆ ಹಾಲು, ಕೆಳಗೆ ಕಡಪಾ ಕಲ್ಲಿನ ನೆಲ. ಎಂಬತ್ತು ಹುಡುಗಿಯರು ಎಂಬತ್ತು ಸ್ಟೀಲ್ ತಟ್ಟೆ ಹಿಡಿದು ಸಾಲು ನಿಂತರು. ನಿಂತವರು ಸುಮ್ಮನೆ ನಿಲ್ಲಬೇಕಲ್ಲ! ತೋರಣಗಲ್ಲಿನ ಹುಡುಗಿಯೊಬ್ಬಳು ಲೋಟದಿಂದ ತಟ್ಟೆಗೆ ತಾಳ ಹಾಕಿದಳು, ಸಂಡೂರಿನವಳು ಅದಕ್ಕೆ ಜೊತೆ ಕೊಟ್ಟಳು. ಅಡಿಗೆಯ ದುರ್ಗಕ್ಕ ಪ್ರತಿ ಸಲ ಬಡಿಸಿದ ಮೇಲೂ ಸೌಟನ್ನು ಬಕೆಟ್ಟಿನ ಅಂಚಿಗೆ ಠಣ್ಣೆಂದು ಬಡಿಯುತ್ತಿದ್ದಳು. ಉಂಡವರು ತಟ್ಟೆಗಳನ್ನು ಮೂಲೆಯ ತಗಡಿನ ಟಬ್ಬಿಗೆ ದೂರದಿಂದಲೇ ಎಸೆಯುತ್ತಿದ್ದರು. ಜಾತ್ರೆ, ಸಂತೆ ಎಲ್ಲವನ್ನೂ ಗಂಟಲಿನಿಂದಲೇ ಗೆದ್ದು ಬಂದ ಉಚ್ಚೆಂಗಮ್ಮನಿಗೇ ಕೊನೆಗೆ ತಲೆ ಧಿಮ್ಮೆಂದಿತು.

ಆಗ ಅವಳಿಗೆ ಒಂದೊಂದಾಗಿ ನೆನಪಾಯಿತು. ಹೇಮಾಳಿಗೆ ಐದು ವರ್ಷವಿದ್ದಾಗ ತಟ್ಟೆಯಲ್ಲಿ ಅನ್ನ ಹಾಕಿದರೆ ತಟ್ಟೆ ತಳ್ಳಿ ಓಡುತ್ತಿದ್ದಳು. ಹೊಡೆದದ್ದಾಯಿತು, ಬೈದದ್ದಾಯಿತು. ಒಂದು ದಿನ ಸಾಕಾಗಿ ಹಿತ್ತಲಿನ ಬಾಳೆಎಲೆ ಹರಿದು ಅದರ ಮೇಲೆ ಬಡಿಸಿದಾಗ ಹುಡುಗಿ ತುಟಿಪಿಟಕ್ಕೆನ್ನದೆ ಉಂಡು ಎದ್ದಿದ್ದಳು. ಆವತ್ತಿನಿಂದ ದಿನಾ ಎಲೆ. “ನಿನ್ನ ಮಗಳಿಗೆ ದಿನಾ ದೀಪಾವಳಿ ನೋಡು” ಎಂದು ಗಂಡ ಭರಮಣ್ಣ ನಗುತ್ತಿದ್ದ. “ಹೆತ್ತೋರಿಗೆ ಹೆಗ್ಗಣ ಮುದ್ದು” ಎಂದು ನೆಗೆಣ್ಣಿ ಮೂಗು ಮುರಿಯುತ್ತಿದ್ದಳು. ಯಾಕೆ ಎಲೆ ಎಂದು ಯಾರೂ ಕೇಳಿರಲಿಲ್ಲ, ಉಚ್ಚೆಂಗಮ್ಮನೂ ಕೇಳಿರಲಿಲ್ಲ. ಹಟಮಾರಿ ಹುಡುಗಿ ಅಂದುಕೊಂಡೇ ಇಷ್ಟು ವರ್ಷ ಎಲೆ ಕೊಯ್ದಿದ್ದಳು. ಹಟವಲ್ಲ, ನೋವು. ಅಷ್ಟು ಸಣ್ಣ ಕೂಸು ನೋಯುತ್ತದೆಂದು ಹೇಳಲು ಬಾರದೆ ಓಡುತ್ತಿತ್ತು. ಅದು ಹೊಳೆದಾಗ ಉಚ್ಚೆಂಗಮ್ಮನಿಗೆ ದುಃಖ ಒತ್ತರಿಸಿ ಬಂತು, ಅದರ ಬೆನ್ನಿಗೇ ಎದೆಯ ಮೇಲಿನ ಕಲ್ಲು ಇಳಿಸಿದಂತೆಯೂ ಆಯಿತು. ಮಗಳಿಗೆ ಏನೂ ಆಗಿರಲಿಲ್ಲ! ಇಲ್ಲಿ ಎಲೆ ಇರಲಿಲ್ಲ, ಅಷ್ಟೇ.

ವಾರ್ಡನ್ ಕೋಣೆಗೆ ಹೋದಾಗ ಅಲ್ಲಿ ಸುಷ್ಮಿತಾ ಮೇಡಂ ಕೂತಿದ್ದಳು. ಹೇಮಾಳ ಪಾಠದ ಮೇಡಂ, ಚಿಕ್ಕ ವಯಸ್ಸಿನವಳು. ಹೇಮಾಳನ್ನು ಕ್ಲಾಸಿನಲ್ಲಿ ಬಾಗಿಲ ಪಕ್ಕ ಕೂರಿಸಿದ್ದು, ಸೆಮಿನಾರಿನಲ್ಲಿ ಎದ್ದು ನಿಂತು ಮಾತಾಡುವ ಬದಲು ಬರೆದು ಕೊಡಲು ಬಿಟ್ಟದ್ದು ಎಲ್ಲ ಅವಳೇ. ಉಚ್ಚೆಂಗಮ್ಮ ಬಂದಾಗ ಅವಳಿಗೂ ಭುವನೇಶ್ವರಿಗೂ ಜಗಳವೇ ನಡೆದಿತ್ತು.

“ಕ್ಲಾಸಿನಾಗ ಎಲ್ಲಾ ಸರಿಹೋಗೈತಿ ಮೇಡಂ. ಉಳಿದಿದ್ದು ಊಟ ಒಂದ. ರೂಮಿನಾಗ ಉಣ್ಣಾಕ ಬಿಡ್ರಿ ಅಂತ ಎಷ್ಟು ಸಲ ಕೇಳೀನಿ. ಇದು ನಾವು ಮಾಡೋ ಉಪಕಾರ ಅಲ್ಲ, ಆಕಿಗೆ ಸಿಗಬೇಕಾದ್ದು,” ಎನ್ನುತ್ತಿದ್ದಳು ಸುಷ್ಮಿತಾ.

“ಆಗಂಗಿಲ್ರೀ!” ಭುವನೇಶ್ವರಿ ಕುರ್ಚಿಯಿಂದ ಎದ್ದೇಬಿಟ್ಟಳು. “ಹಿಂದ ಒಬ್ಬ ಹುಡುಗಿ ರೂಮಿಗೆ ತಟ್ಟಿ ಒಯ್ದು ದಿನಾ ಕಿಟಕಿಯಿಂದ ನಾಯಿಗೆ ಹಾಕ್ತಿದ್ಲು. ಯಾರಿಗೂ ಗೊತ್ತಾಗ್ಲಿಲ್ಲ. ದವಾಖಾನ್ಯಾಗ ಆಕಿ ಕೈಗೆ ಸೂಜಿ ಚುಚ್ಚಾಕ ನರ ಸಿಗ್ಲಿಲ್ರೀ, ನಾನು ಪಕ್ಕದಾಗ ನಿಂತಿದ್ದೆ. ಅವತ್ತಿಂದ ಯಾರಾದ್ರೂ ಆಗ್ಲಿ, ನನ್ನ ಕಣ್ಣ ಮುಂದ ಉಣಬೇಕು. ಅದಕ್ಕ ಮೆಸ್ಸು ಬಿಟ್ಟು ಬ್ಯಾರೆ ಕಡೆ ಬಿಡಂಗಿಲ್ಲ.”

ಇವಳನ್ನು ರಾಕ್ಷಸಿ ಅಂದುಕೊಂಡು ಬಂದಿದ್ದ ಉಚ್ಚೆಂಗಮ್ಮನ ಸಿಟ್ಟು ಅಲ್ಲೇ ಇಳಿಯಿತು. ಇದು ಕೂಡ ತಾಯಿಯ ಹೆದರಿಕೆಯೇ. ಅಷ್ಟರಲ್ಲಿ ಹೇಮಾಳೂ ಬಾಗಿಲಿಗೆ ಬಂದು ನಿಂತಳು.

ಉಚ್ಚೆಂಗಮ್ಮ ಮಗಳ ಕಡೆ ತಿರುಗಿದಳು. “ಯವ್ವಾ, ಎಲ್ಲಾರೂ ನಿನ್ನ ಯಾಕ ಉಣಂಗಿಲ್ಲ ಅಂತ ಕೇಳಿದ್ದಾತು. ನಾನು ಬ್ಯಾರೆ ಕೇಳ್ತೀನಿ. ಹೆಂಗಿದ್ರ ಉಣ್ತೀಯವ್ವಾ?”

ಹೇಮಾ ಬಾಗಿಲ ಚಿಲಕ ನೋಡುತ್ತ ಹೇಳಿದಳು: “ಮನ್ಯಾಗ ಉಣ್ತಿದ್ನಲ್ಲ, ಹಂಗ. ಎಲಿ ಮ್ಯಾಲೆ.”

“ಎಲಿ ಆಕಿಗೆ ಕೊಡಬಹುದ್ರೀ,” ಎಂದಳು ಭುವನೇಶ್ವರಿ, “ಉಳಿದವರ ತಟ್ಟಿ ಸದ್ದು ಎಲ್ಲಿಗೆ ಹೋಗತೈತಿ?”

“ಎಲ್ಲಾರಿಗೂ ಎಲಿ ಹಾಕ್ರಿ.”

“ಅಯ್ಯ, ಎಂಬತ್ತು ಹುಡುಗ್ಯಾರಿಗೆ ದಿನಾ ಎಲಿ ಎಲ್ಲಿಂದ ತರ್ಲಿ?”

ಉಚ್ಚೆಂಗಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಕಂಪ್ಲಿ ಸೀಮಿಯಾಕಿ ಮುಂದ ಬಾಳಿಎಲಿ ಎಲ್ಲಿಂದ ತರ್ಲಿ ಅಂತೀರಲ್ರೀ! ಗೊನಿ ಇಳಿಸಿದ ಮ್ಯಾಲೆ ಗಿಡ ಕಡಿದು ಹಾಕ್ತೀವಿ, ಎಲಿ ಎಲ್ಲಾ ಎಮ್ಮಿ ಪಾಲು. ನಮ್ಮೂರ ಪಕೀರಪ್ಪನ ಗಾಡಿ ದಿನಾ ಮುಂಜಾನಿ ಗೊನಿ ತುಂಬ್ಕೊಂಡು ಇಲ್ಲಿ ಮಾರ್ಕೆಟ್ಟಿಗೆ ಬರತೈತಿ. ಅದರ ಮ್ಯಾಲೆ ಒಂದು ಹೊರಿ ಎಲಿ ಹಾಕಿದ್ರ ಅವನಪ್ಪನ ಗಂಟೇನು ಹೋಗತೈತಿ?”

ಭುವನೇಶ್ವರಿ ಉತ್ತರಿಸುವ ಮೊದಲೇ ಅಡಿಗೆಮನೆಯಿಂದ ದುರ್ಗಕ್ಕ ತಲೆ ಹಾಕಿದಳು. “ಯವ್ವಾ, ಎಲಿ ಅಂದ್ರ ತಟ್ಟಿ ತೊಳಿಯೋದು ಇರಂಗಿಲ್ಲ, ಹೌದಲ್ಲೋ?” ಅವಳ ಮುಖದಲ್ಲಿ ಸ್ವರ್ಗ ಕಂಡ ಕಳೆಯಿತ್ತು. ಆ ತಿಂಗಳು ಬೋರಿನಲ್ಲಿ ನೀರಿಲ್ಲದೆ, ಪಾತ್ರೆ ತೊಳೆಯಲು ಟ್ಯಾಂಕರ್ ತರಿಸಿ ತರಿಸಿ ಭುವನೇಶ್ವರಿ ಬೇಸತ್ತಿದ್ದಳು.

“ನಾಳಿ ಒಂದು ದಿನ ನೋಡೋಣು,” ಎಂದಳು. “ಹೇಮಾ ಬಂದು ನನ್ನ ಕಣ್ಣ ಮುಂದ ಉಂಡ್ರ ಇಲ್ಲಿ ಇರ್ಲಿ. ಉಣದಿದ್ರ ನೀವು ಕರ್ಕೊಂಡು ಹೋಗಾಕ ಬೇಕು. ಆಕಿ ಜೀವದ ಜೋಡಿ ಆಟ ಆಡಾಕ ನನಗ ಆಗಂಗಿಲ್ಲ.”

“ಆತು,” ಎಂದಳು ಹೇಮಾ. “ನಾನು ಬಂದ್ರ ಯಾರೂ ನನ್ನ ನೋಡಬಾರ್ದು. ಉಣ್ಣು ಉಣ್ಣು ಅನ್ನಬಾರ್ದು. ಅವ್ವಾ, ನೀನಂತೂ ಬಾಯಿ ತೆಗೀಬಾರ್ದು. ನಿನ್ನ ದನಿ ಹತ್ತು ತಟ್ಟಿಗೆ ಸಮ.”

ಸುಷ್ಮಿತಾ ಮೇಡಂ ಕೆಮ್ಮಿದಳು. ಅದು ಮೆಣಸಿನಕಾಯಿ ಕೆಮ್ಮಲ್ಲವೆಂದು ಉಚ್ಚೆಂಗಮ್ಮನಿಗೆ ಚೆನ್ನಾಗಿ ಗೊತ್ತಾಯಿತು. ಫೋನಿನಲ್ಲಿ ಸುದ್ದಿ ಕೇಳಿದ ಭರಮಣ್ಣ, “ನಿನ್ನ ಮಗಳ ದೀಪಾವಳಿ ಈಗ ಹಾಸ್ಟೆಲ್ಲಿಗೆಲ್ಲ ಬಂತೇನು” ಎಂದು ಗೊಣಗಿದ. ಗೊಣಗುತ್ತಲೇ ಕುಡುಗೋಲು ಹಿಡಿದು ತೋಟಕ್ಕೆ ಹೋದ.

ಮರುದಿನ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಪಕೀರಪ್ಪ ಎಲೆಯ ಹೊರೆ ಇಳಿಸಿಹೋದ. ಎಲೆಯನ್ನು ಕೈಯಲ್ಲಿ ಹಿಡಿದು ಸಾಲು ನಿಲ್ಲಲು ಬರುವುದಿಲ್ಲವಲ್ಲ, ಆದ್ದರಿಂದ ಸಾಲು ಹೋಯಿತು, ನೂಕಾಟ ಹೋಯಿತು. ಮದುವೆಮನೆಯ ಪಂಕ್ತಿಯ ಹಾಗೆ ಹುಡುಗಿಯರು ಜಮಖಾನದ ಮೇಲೆ ಕೂತರು. “ಸಾರು ಹರೀತೈತ್ರೀ!” ಎಂದು ಸಂಡೂರಿನ ಹುಡುಗಿ ರಾಗ ಎಳೆದಳು. “ಅನ್ನಕ್ಕ ಕಟ್ಟಿ ಕಟ್ಟಲೇ, ಯಾರ ಮನಿ ಊಟಾನೂ ಉಂಡಿಲ್ಲೇನು?” ಎಂದು ದುರ್ಗಕ್ಕ ಗದರಿದಳು. ಗದರಿ, ರೂಢಿಯಂತೆ ಸೌಟನ್ನು ಬಕೆಟ್ಟಿಗೆ ಬಡಿಯಲು ಎತ್ತಿದವಳು ಮೂಲೆಯಿಂದ ಉಚ್ಚೆಂಗಮ್ಮ ಕಣ್ಣು ಕೆಕ್ಕರಿಸಿದ್ದನ್ನು ಕಂಡು ಮೆಲ್ಲಗೆ ಒಳಗಿಟ್ಟಳು.

ಬಾಗಿಲ ಪಕ್ಕದ ಎಲೆ ಖಾಲಿ ಇತ್ತು. ಅದರಾಚೆ ಸುಷ್ಮಿತಾ ಮೇಡಂ ಕೂತಿದ್ದಳು. ಅನ್ನ ಬಡಿಸಿದರು, ಸಾರು ಬಡಿಸಿದರು, ಹೇಮಾ ಬರಲಿಲ್ಲ. ಭುವನೇಶ್ವರಿ ಗೋಡೆಗೆ ಒರಗಿ ಗಡಿಯಾರ ನೋಡಿದಳು. ಉಚ್ಚೆಂಗಮ್ಮ ಕಂಡ ಕಾಣದ ಎಲ್ಲ ದೇವರಿಗೂ ಕಾಯಿಯ ಹರಕೆ ಹೊತ್ತಳು.

ಆಮೇಲೆ ಹೇಮಾ ಬಂದಳು. ಯಾರನ್ನೂ ನೋಡದೆ ಬಂದು ಬಾಗಿಲ ಪಕ್ಕ ಕೂತು, ಎಲೆಗೆ ನೀರು ಚಿಮುಕಿಸಿ ಒರೆಸಿದಳು. ದುರ್ಗಕ್ಕ ಬಂದು ಬಡಿಸಿದ ಅನ್ನಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಆ ತುದಿಯಲ್ಲಿ ಯಾರದೋ ಮೊಣಕೈ ತಾಗಿ ಸ್ಟೀಲ್ ಲೋಟವೊಂದು ಕಡಪಾ ಕಲ್ಲಿನ ಮೇಲೆ ಬಿದ್ದು ಠಣ ಠಣ ಉರುಳಿತು.

ಹೇಮಾಳ ಎರಡೂ ಕೈ ಕಿವಿಗೆ ಹೋದವು, ಬಲಗೈಯ ಸಾರನ್ನ ಕೂದಲಿಗೆ ಮೆತ್ತಿತು. ಎಲ್ಲರೂ ಉಣ್ಣುವುದು ಬಿಟ್ಟು ಅವಳ ಕಡೆ ತಿರುಗಿದರು. ‘ಅಯ್ಯೋ ನನ್ನ ಕೂಸೇ, ಏನಿಲ್ಲ, ಉಣ್ಣು’ ಎಂಬ ಮಾತು ಉಚ್ಚೆಂಗಮ್ಮನ ಗಂಟಲವರೆಗೆ ಬಂತು. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಲ್ಲು ಕಚ್ಚಿದಳು. ಹುಟ್ಟಿದಾಗಿನಿಂದ ಅಂಥ ಕಷ್ಟದ ಕೆಲಸವನ್ನು ಅವಳು ಮಾಡಿರಲಿಲ್ಲ. ಸುಷ್ಮಿತಾ ಮೇಡಂ ಏನೂ ಆಗಿಲ್ಲವೆಂಬಂತೆ ತನ್ನ ಎಲೆಯನ್ನೇ ನೋಡುತ್ತ ಉಣ್ಣುತ್ತಿದ್ದಳು. ಅವಳನ್ನು ನೋಡಿ ಪಕ್ಕದ ಹುಡುಗಿ, ಆ ಹುಡುಗಿಯನ್ನು ನೋಡಿ ಉಳಿದವರು ತಲೆ ತಗ್ಗಿಸಿ ಉಣ್ಣತೊಡಗಿದರು. ಲೋಟ ಬೀಳಿಸಿದವಳು ಅದನ್ನು ಸದ್ದಾಗದ ಹಾಗೆ ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಸದ್ದು ನಿಂತಿತು. ಇನ್ನೊಂದು ಸದ್ದು ಬರಲಿಲ್ಲ. ಹೇಮಾ ನಿಧಾನವಾಗಿ ಕೈ ಇಳಿಸಿದಳು. ಅನ್ನ ಕಲಸಿದಳು. ಒಂದು ತುತ್ತು. ಇನ್ನೊಂದು. ಎಲೆ ಬರಿದಾದ ಮೇಲೆ ತಲೆ ಎತ್ತದೆಯೇ ಹೇಳಿದಳು: “ದುರ್ಗಕ್ಕಾ, ಇನ್ನಷ್ಟು ಅನ್ನ ಹಾಕ್ರಿ. ಸಾರು ಭಾಳ ಹಾಕ್ರಿ.”

ಭುವನೇಶ್ವರಿ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ತಿರುಗಿ ಬಂದು ಉಚ್ಚೆಂಗಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು, “ಪರೀಕ್ಷಿ ಮುಗಿಯೋ ತನಕ ಎಲಿ ಕಳಸ್ರಿ. ಆಮ್ಯಾಲೆ ಕಮಿಟಿಯವರಿಗೆ ನಾನ ಹೇಳ್ತೀನಿ.” ಉಚ್ಚೆಂಗಮ್ಮ ಬರೇ ತಲೆ ಆಡಿಸಿದಳು. ಸೆರಗು ಇನ್ನೂ ಬಾಯಲ್ಲೇ ಇತ್ತು.

ಹೇಮಾ ಎಲೆಯನ್ನು ತನ್ನ ಕಡೆಗೆ ಮಡಚಿ ಎದ್ದಳು. ಕೈ ತೊಳೆದು, ಕೂದಲಿನ ಅನ್ನ ತೆಗೆದುಕೊಂಡು ತಾಯಿಯ ಹತ್ತಿರ ಬಂದಳು. “ನನಗ ಕ್ಲಾಸ್ ಐತಿ. ಸಂಜಿ ಬಸ್ಸಿಗೆ ನೀನು ಹೋಗು. ನಾಳಿ ಎಲಿ ಸ್ವಲ್ಪ ದೊಡ್ಡವು ಕಳಸು.” ಇಷ್ಟು ಹೇಳಿ ಹೊರಟೇಬಿಟ್ಟಳು. ಬೇರೆ ತಾಯಿಯಾಗಿದ್ದರೆ ಒರಟು ಮಾತು ಅನ್ನುತ್ತಿದ್ದಳೇನೋ. ಉಚ್ಚೆಂಗಮ್ಮನಿಗೆ ಮಾತ್ರ ಬೆಲ್ಲ ತಿಂದಷ್ಟು ಸಿಹಿಯಾಯಿತು.

ಸಂಜೆಯ ಕಂಪ್ಲಿ ಬಸ್ಸಿನಲ್ಲಿ ಅದೇ ಕಂಡಕ್ಟರ್ ಇದ್ದ. ಅದೇ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಉಚ್ಚೆಂಗಮ್ಮ ಹತ್ತಿದಳು. ಕಿಟಕಿಯ ಪಕ್ಕ ಕೂತು ಗಂಡನಿಗೆ ಫೋನು ಹಚ್ಚಿದಳು. ಭರಮಣ್ಣ ಎತ್ತಿದ. ಮಧ್ಯಾಹ್ನದಿಂದ ಸೆರಗಿನಲ್ಲಿ ಕಟ್ಟಿಹಾಕಿದ್ದ ದನಿಯೆಲ್ಲ ಒಮ್ಮೆಲೇ ಹೊರಬಿತ್ತು.

“ಏನ್ರೀ! ಕೇಳಿಸ್ತೇನ್ರೀ? ಉಂಡ್ಳು! ನಮ್ಮ ಹೇಮಾ ಉಂಡ್ಳು!”

ಇಡೀ ಬಸ್ಸು ತಿರುಗಿ ನೋಡಿತು.